ಹುಲಿ ಕಾಡಿನ ಇಂಟರ್ನ್‌ಶಿಪ್‌ಗೆ 18 ಸಾವಿರ ಕೊಡಬೇಕಾ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಹಳ್ಳಿಯವಳು. ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ, ಪ್ರಾಣಿಶಾಸ್ತ್ರ ಮತ್ತು ಸಸ್ಯಶಾಸ್ತ್ರ ಓದುತ್ತಿದ್ದೇನೆ. ವನ್ಯಜೀವಿ ಕ್ಷೇತ್ರದಲ್ಲೇ ಕೆಲಸ ಮಾಡಬೇಕೆಂಬ ಆಸೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಜಾಹೀರಾತು ನೋಡಿದೆ. ಹುಲಿ ಮೀಸಲು ಪ್ರದೇಶದಲ್ಲಿ 10 ದಿನದ ‘ರಿಸರ್ಚ್ ಇಂಟರ್ನ್‌ಶಿಪ್’, ಶುಲ್ಕ 18,000 ರೂಪಾಯಿ, ಕೊನೆಗೆ ಸರ್ಟಿಫಿಕೇಟ್. ಅಪ್ಪ ರೈತ. ಈ ಸಲ ಶೇಂಗಾ ಕೈಕೊಟ್ಟಿದೆ, ಆದರೂ ಸಾಲ ಮಾಡಿ ಕೊಡ್ತೀನಿ ಅಂತಾರೆ. ಬೆಂಗಳೂರು, ಮೈಸೂರಿನ ಏಳೆಂಟು ಸಂಸ್ಥೆಗಳಿಗೆ ಇಮೇಲ್ ಮಾಡಿದೆ. ಒಂದರಿಂದಲೂ ಉತ್ತರ ಬಂದಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಹುಡುಗಿ ಒಬ್ಬಳೇ ಕಾಡಿಗೆ ಹೋಗೋದು ಬೇಡ ಅಂತ ಅಮ್ಮ. ದುಡ್ಡು ಕೊಟ್ಟು ಸೇರಲಾ? ಇಂಟರ್ನ್‌ಶಿಪ್ ಇಲ್ಲದೆ ಈ ಕ್ಷೇತ್ರಕ್ಕೆ ಬರೋಕೆ ಆಗಲ್ವಾ?

ಉತ್ತರ: ಸಾಲ ಮಾಡಿ ಸೇರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆಗಿಂತ ದೊಡ್ಡದೊಂದು ಚಿಂತೆ ಇದೆ ಅನ್ನಿಸಿತು. ಇದು ದುಡ್ಡಿರುವವರ, ಇಂಗ್ಲಿಷ್ ಬರುವವರ, ದೊಡ್ಡ ಊರಿನವರ ಕ್ಷೇತ್ರ, ನಮ್ಮಂಥವರಿಗೆ ಇಲ್ಲಿ ಜಾಗ ಇಲ್ಲವೇನೋ ಎಂಬ ಅಳುಕು. ಫೀಲ್ಡ್ ಕೆಲಸಕ್ಕೆ ಬರುವ ವಿದ್ಯಾರ್ಥಿಗಳ ಜೊತೆ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಈ ಅಳುಕನ್ನು ಎಷ್ಟೋ ಜನರ ಮುಖದಲ್ಲಿ ನೋಡಿದ್ದೇನೆ. ಅದು ಪೂರ್ತಿ ಸುಳ್ಳು ಅಂತ ಹೇಳಲಾರೆ. ಆದರೆ ನೀವು ಅಂದುಕೊಂಡಷ್ಟು ನಿಜವೂ ಅಲ್ಲ.

ಮೊದಲು ಆ ಜಾಹೀರಾತನ್ನೇ ನೋಡೋಣ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಯಾರು ಬೇಕಾದರೂ ಹೋಗಿ ಸಂಶೋಧನೆ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟದ ಬಿಆರ್‌ಟಿ, ನಮ್ಮ ಐದೂ ಹುಲಿ ಮೀಸಲು ಪ್ರದೇಶಗಳಿಗೆ ಇದೇ ನಿಯಮ. ಅನುಮತಿ ಸಿಗುವುದು ಒಂದು ನಿರ್ದಿಷ್ಟ ಅಧ್ಯಯನಕ್ಕೆ, ನಿರ್ದಿಷ್ಟ ತಂಡಕ್ಕೆ, ನಿರ್ದಿಷ್ಟ ಅವಧಿಗೆ. ಪ್ರಸ್ತಾವನೆ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೀಗಿರುವಾಗ ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕಟ್ಟಿದವರನ್ನೆಲ್ಲ 10 ದಿನ ಕಾಡೊಳಗೆ ಸಂಶೋಧನೆಗೆ ಕರೆದೊಯ್ಯಲು ಹೇಗೆ ಸಾಧ್ಯ? ಸಾಮಾನ್ಯವಾಗಿ ಅಲ್ಲಿ ನಡೆಯುವುದು ಬೇರೆ. ಕಾಡಿನ ಅಂಚಿನ ಹೋಂಸ್ಟೇಯಲ್ಲಿ ಉಳಿಸುತ್ತಾರೆ, ಎರಡು ಸಲ ಪ್ರವಾಸಿಗರ ಸಫಾರಿ ಜೀಪಿನಲ್ಲಿ ಕೂರಿಸುತ್ತಾರೆ, ಸಂಜೆ ಹೊತ್ತು ಪ್ರೊಜೆಕ್ಟರ್ ಹಾಕಿ ಪಾಠ ಮಾಡುತ್ತಾರೆ.

ಅದು ಪ್ರಕೃತಿ ಶಿಬಿರ. ಶಿಬಿರದಲ್ಲಿ ತಪ್ಪೇನಿಲ್ಲ, ಎಷ್ಟೋ ಮಂದಿಗೆ ಕಾಡಿನ ಪ್ರೀತಿ ಹುಟ್ಟಿದ್ದೇ ಶಿಬಿರಗಳಿಂದ. ಆದರೆ ಶಿಬಿರವನ್ನು ಇಂಟರ್ನ್‌ಶಿಪ್ ಅಂತ ಕರೆದು, ಸಾಲ ಮಾಡುವ ರೈತನ ಮಗಳಿಗೆ ಮಾರುವುದು ನನಗೆ ಸಿಟ್ಟು ತರಿಸುವ ವಿಷಯ. ಪದವಿಯಲ್ಲೇ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಡುವ ಪದ್ಧತಿ ಬಂದ ಮೇಲೆ ಸರ್ಟಿಫಿಕೇಟ್ ಮಾರುವವರೂ ಜಾಸ್ತಿಯಾಗಿದ್ದಾರೆ.

ದುಡ್ಡು ಕೇಳುವ ಎಲ್ಲರೂ ಮೋಸಗಾರರು ಅಂತ ಮಾತ್ರ ತಿಳಿಯಬೇಡಿ. ದೂರದ ಫೀಲ್ಡ್ ಸ್ಟೇಷನ್‌ಗಳಲ್ಲಿ ಊಟ, ವಸತಿಯ ಖರ್ಚನ್ನು ವಿದ್ಯಾರ್ಥಿಗಳಿಂದ ತೆಗೆದುಕೊಳ್ಳುವುದುಂಟು. ಅದಕ್ಕೆ ಲೆಕ್ಕ ಇರುತ್ತದೆ, ಕೇಳಿದರೆ ಬಿಡಿಸಿ ಹೇಳುತ್ತಾರೆ. ಹಾಗಾಗಿ ಯಾರೇ ದುಡ್ಡು ಕೇಳಿದರೂ ಕೆಲವು ವಿಷಯ ವಿಚಾರಿಸಿ. ಅಧ್ಯಯನದ ಪ್ರಶ್ನೆ ಏನು? ನಾವು ಕಲೆಹಾಕಿದ ಮಾಹಿತಿ ಆಮೇಲೆ ಎಲ್ಲಿಗೆ ಹೋಗುತ್ತದೆ? ಯಾವ ವಿಜ್ಞಾನಿಯ ಕೈಕೆಳಗೆ ಕೆಲಸ, ಅವರು ಈ ಹಿಂದೆ ಏನು ಪ್ರಕಟಿಸಿದ್ದಾರೆ? ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿ ತೋರಿಸುತ್ತೀರಾ? ಕಳೆದ ವರ್ಷ ಬಂದಿದ್ದ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಿಸುತ್ತೀರಾ? ನಿಜವಾದ ತಂಡಕ್ಕೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ‘ಸೀಟು ಎರಡೇ ಉಳಿದಿದೆ, ಇವತ್ತೇ ದುಡ್ಡು ಹಾಕಿ’ ಅಂತ ಅವಸರ ಮಾಡಿದರೆ ಅಲ್ಲಿಗೇ ಬಿಟ್ಟುಬಿಡಿ. ಪ್ರಾಣಿ ಮುಟ್ಟಿಸುತ್ತೇವೆ, ಹಾವು ಹಿಡಿಯಲು ಕಲಿಸುತ್ತೇವೆ ಅಂದರಂತೂ ಇನ್ನೂ ದೂರ ಇರಿ. 2022ರ ತಿದ್ದುಪಡಿಯ ನಂತರ ನಾಗರಹಾವು, ಕೇರೆಹಾವು ಎರಡೂ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವಂಥ ರಕ್ಷಣೆ ಅವಕ್ಕೂ ಇದೆ. ಸುಮ್ನೆ ಹಿಡಿದು ಫೋಟೊ ತೆಗೆಸಿಕೊಂಡರೆ ನಿಮ್ಮ ಮೇಲೆ ಕೇಸು ಆಗಬಹುದು. ಕಚ್ಚಿದರೆ ಜೀವವೇ ಹೋಗಬಹುದು.

ಇನ್ನು ನಿಮ್ಮ ಇಮೇಲ್‌ಗಳಿಗೆ ಉತ್ತರ ಯಾಕೆ ಬರಲಿಲ್ಲ? ಇಂಗ್ಲಿಷ್ ಸರಿಯಿಲ್ಲ ಅಂತ ಯಾರೂ ಪಕ್ಕಕ್ಕಿಟ್ಟಿರುವುದಿಲ್ಲ. ಸಂರಕ್ಷಣಾ ಸಂಸ್ಥೆಗಳು ನಡೆಯುವುದೇ ಯೋಜನೆಗಳ ಅನುದಾನದ ಮೇಲೆ. ಎರಡು ವರ್ಷಕ್ಕೆ ಇಷ್ಟು ಹಣ, ಇಷ್ಟು ಜನ, ಇಷ್ಟು ಕೆಲಸ ಎಂದು ಮೊದಲೇ ನಿಗದಿಯಾಗಿರುತ್ತದೆ. ಇಂಟರ್ನ್‌ಗೆ ಅಂತ ಅದರಲ್ಲಿ ಹಣ ಇರುವುದು ಅಪರೂಪ. ಹೊಸಬರಿಗೆ ಡೇಟಾ ಶೀಟ್ ತುಂಬುವುದನ್ನು ಸರಿಯಾಗಿ ಕಲಿಸೋಕೇ ಒಂದು ವಾರ ಬೇಕು. 10 ದಿನಕ್ಕೆ ಬಂದವರು ಕಲಿತು ಮುಗಿಸುವ ಹೊತ್ತಿಗೆ ಹೊರಡುತ್ತಾರೆ. ಆದ್ದರಿಂದ ತಂಡಗಳು 3 ತಿಂಗಳು, 6 ತಿಂಗಳು ಇರುವವರನ್ನು ಹುಡುಕುತ್ತವೆ. ಜೊತೆಗೆ ಎಲ್ಲ ಕಾಲೇಜಿನವರೂ ರಜೆ ಹತ್ತಿರ ಬಂದಾಗಲೇ ಮೇಲ್ ಹಾಕುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಕಾಡಿನಲ್ಲಿ ಬೆಂಕಿಯ ಕಾಲ. ಗಾರ್ಡ್, ವಾಚರ್‌ಗಳಿಂದ ಹಿಡಿದು ಉಪ ಅರಣ್ಯ ಸಂರಕ್ಷಣಾಧಿಕಾರಿ ಡಿಸಿಎಫ್‌ವರೆಗೆ ಎಲ್ಲರ ಗಮನ ಬೆಂಕಿಯ ಮೇಲೇ ಇರುತ್ತದೆ. ಆ ಹೊತ್ತಿನಲ್ಲಿ ಹೊಸಬರನ್ನು ಕಾಡಿಗೆ ಬಿಟ್ಟುಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ. ಈ ಖಾಲಿ ಜಾಗವನ್ನೇ ದುಡ್ಡಿನ ಶಿಬಿರಗಳು ತುಂಬಿಕೊಂಡಿವೆ.

ಇನ್ನೊಂದು ಸಂಗತಿ. ಟಿವಿಯಲ್ಲಿ ನೋಡುವ ಕಾಡಿನ ಕೆಲಸಕ್ಕೂ ನಿಜವಾದ ಕೆಲಸಕ್ಕೂ ಬಹಳ ಅಂತರ ಇದೆ. ಹುಲಿ ಅಧ್ಯಯನದ ಇಂಟರ್ನ್ ಆಗಿ ಮೂರು ತಿಂಗಳು ಇದ್ದು, ಒಂದೂ ಹುಲಿ ಕಾಣದೆ ವಾಪಸ್ ಹೋದವರು ಬೇಕಾದಷ್ಟಿದ್ದಾರೆ. ಕ್ಯಾಮೆರಾ ಟ್ರ್ಯಾಪ್, ಅಂದರೆ ಕಾಡಿನಲ್ಲಿ ಕಟ್ಟಿಟ್ಟು ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾದ ಚಿತ್ರಗಳನ್ನು ವಿಂಗಡಿಸುವುದು ಅವರಿಗೆ ಸಿಗುವ ಮೊದಲ ಕೆಲಸ. ಗಾಳಿಗೆ ಹುಲ್ಲು ಅಲ್ಲಾಡಿದ್ದಕ್ಕೇ ಕ್ಯಾಮೆರಾ ಸಾವಿರಾರು ಚಿತ್ರ ಹೊಡೆದಿರುತ್ತದೆ. ಅದರ ನಡುವೆ ಜಿಂಕೆ, ಕಾಡುಹಂದಿ, ದನ, ಮನುಷ್ಯರ ಕಾಲು, ಎಲ್ಲೋ ಒಂದು ಹುಲಿ. ಹುಲಿಯ ಪಟ್ಟೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಎಡ ಮಗ್ಗುಲಿನ ಪಟ್ಟೆ ಬೇರೆ, ಬಲ ಮಗ್ಗುಲಿನದು ಬೇರೆ. ಹಳೆಯ ಚಿತ್ರಗಳ ಜೊತೆ ಹೋಲಿಸಿ ಇದು ಯಾವ ಹುಲಿ ಅಂತ ಗುರುತಿಸಬೇಕು. ಲೈನ್ ಟ್ರಾನ್ಸೆಕ್ಟ್ ಆದರೆ ಬೆಳಗಿನ ಜಾವ ಎದ್ದು, ಮೊದಲೇ ಗುರುತು ಮಾಡಿದ ನೇರ ದಾರಿಯಲ್ಲಿ ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡಾಗ ಎಷ್ಟು ದೂರ, ಯಾವ ಕೋನ, ಎಷ್ಟು ಇವೆ ಎಂದು ಬರೆದುಕೊಳ್ಳಬೇಕು. ಏನೂ ಕಾಣದಿದ್ದರೆ ‘ಏನೂ ಇಲ್ಲ’ ಅಂತಲೇ ಬರೆಯಬೇಕು. ಆ ಸೊನ್ನೆಗೂ ಲೆಕ್ಕದಲ್ಲಿ ಬೆಲೆ ಇದೆ. ಲದ್ದಿ, ಹಿಕ್ಕೆ ಎಣಿಸುವುದು, ಗಿಡದ ಸುತ್ತಳತೆ ತೆಗೆಯುವುದು, ರಾತ್ರಿ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಹಾಕುವುದು, ಇವೆಲ್ಲ ದಿನನಿತ್ಯದ ಪಾಡು. ಇದು ಬೇಸರ ತರಿಸುವ ಕೆಲಸ ಅನ್ನಿಸಿದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಖುಷಿ ಕೊಟ್ಟರೆ ನೀವು ಸರಿಯಾದ ಕಡೆಗೇ ಹೊರಟಿದ್ದೀರಿ.

ಇಲ್ಲೇ ನಿಮ್ಮ ಭಾಷೆಯ ಮಾತು ಬರುತ್ತದೆ. ಇವತ್ತು ಸಂರಕ್ಷಣೆಯ ಅರ್ಧ ಕೆಲಸ ಕಾಡಿನ ಹೊರಗೆ, ಜನರ ನಡುವೆ ಇದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಅಂದಾಜಾಯಿತು. 2022ರ ಅಂದಾಜಿನಲ್ಲಿ ಹುಲಿಗಳು 563. ಇಷ್ಟೊಂದು ಪ್ರಾಣಿಗಳ ಪಕ್ಕದಲ್ಲೇ ಜನರ ಹೊಲ, ಮನೆ ಇವೆ. ಬೆಳೆ ಹೋದ ರೈತ ಪರಿಹಾರಕ್ಕೆ ಯಾಕೆ ಅರ್ಜಿ ಹಾಕಲಿಲ್ಲ? ಚಿರತೆ ಕುರಿ ಹಿಡಿದದ್ದು ದೊಡ್ಡಿಯಲ್ಲೋ, ಮೇಯುವ ಜಾಗದಲ್ಲೋ? ಇದನ್ನು ಪ್ರಶ್ನಾವಳಿ ಹಿಡಿದು ಇಂಗ್ಲಿಷಿನಲ್ಲಿ ಕೇಳೋಕೆ ಆಗುತ್ತಾ? ಕಟ್ಟೆಯ ಮೇಲೆ ಕೂತು, ಮಳೆ ಬೆಳೆ ವಿಚಾರಿಸಿ, ಆಮೇಲೆ ನಿಧಾನಕ್ಕೆ ಕೇಳಬೇಕು. ಹೊರ ರಾಜ್ಯಗಳಿಂದ ಬಂದ ಸಂಶೋಧಕರು ಇದಕ್ಕಾಗಿ ದುಭಾಷಿಗಳನ್ನು ಹುಡುಕುತ್ತಾರೆ. ನೀವು ಕುರಿಗಾರರ ಮಾತು ಅರ್ಥ ಮಾಡಿಕೊಳ್ಳಬಲ್ಲವರು, ಶೇಂಗಾ ಯಾವಾಗ ಬಿತ್ತುತ್ತಾರೆ ಅಂತ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಇದನ್ನು ಬಯೋಡಾಟಾದಲ್ಲಿ ಧೈರ್ಯವಾಗಿ ಬರೆಯಿರಿ. ಇಂಗ್ಲಿಷ್ ಬೇಕೇ ಬೇಕು, ವೈಜ್ಞಾನಿಕ ಲೇಖನ ಓದಲು ಅದಿಲ್ಲದೆ ಆಗುವುದಿಲ್ಲ. ಆದರೆ ವಾರಕ್ಕೊಂದು ಲೇಖನದ ಸಾರಾಂಶವನ್ನಾದರೂ ನಿಘಂಟು ಇಟ್ಟುಕೊಂಡು ಓದುತ್ತಾ ಹೋದರೆ ಅದು ಕೈಗೆ ಬರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಶಿರಹಟ್ಟಿ ಕಡೆಯವಳು ಅಂತ ಬರೆದಿದ್ದೀರಿ. ಅದನ್ನು ಓದಿದಾಗಲೇ ನನಗೆ ಖುಷಿಯಾಯಿತು. ಮಾಗಡಿ ಕೆರೆ ನಿಮ್ಮ ತಾಲ್ಲೂಕಿನಲ್ಲೇ ಇದೆ ಅಲ್ವಾ? 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ. ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. ಈ ಜಾತಿಯ ಹಕ್ಕಿಗಳು 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಯಲ್ಲಿ ಕಂಡದ್ದೂ ಇದೆ. ಅವನ್ನು ಏರಿಯ ಮೇಲೆ ನಿಂತು ನೋಡಲು ಹುಲಿ ಕಾಡಿನಂಥ ಅನುಮತಿ ಬೇಕಿಲ್ಲ. ಅಲ್ಲಿನ ಅರಣ್ಯ ಸಿಬ್ಬಂದಿಗೆ ನಿಮ್ಮ ಉದ್ದೇಶ ಹೇಳಿದರೆ ಸಾಕು.

ಈ ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಒಂದೇ ಜಾಗಗಳಿಂದ ಎಣಿಸಿ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಗುಂಪು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಆಮೇಲೆ ಹತ್ತುಹತ್ತರ ಲೆಕ್ಕದಲ್ಲಿ ಮುಂದೆ ಹೋಗಿ. ನೀರು ಎಷ್ಟಿದೆ, ಏರಿ ಮೇಲೆ ಜನ, ನಾಯಿ, ಡ್ರೋನ್ ಇದ್ದವಾ, ಹಕ್ಕಿಗಳು ಎಷ್ಟು ಸಲ ಗಾಬರಿಯಿಂದ ಎದ್ದವು, ಇದನ್ನೂ ಬರೆಯಿರಿ. ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಯಾವ ಬೆಳೆಯ ಹೊಲಕ್ಕೆ ಜಾಸ್ತಿ ಹೋಗುತ್ತವೆ? ಕಟಾವಾದ ಹೊಲವೋ, ನಿಂತ ಪೈರೋ? ರೈತರು ಅದನ್ನು ನಷ್ಟ ಅಂತ ನೋಡುತ್ತಾರಾ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಿಮಗಿಂತ ಸರಿಯಾದವರು ಬೆಂಗಳೂರಿನಲ್ಲಿ ಸಿಗುವುದಿಲ್ಲ. ನಾನು ಇದನ್ನು ನಿಮ್ಮನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ. ಒಂದೇ ಕೆರೆಯನ್ನು ಒಬ್ಬರೇ ಇಡೀ ಚಳಿಗಾಲ ನೋಡಿದ ಲೆಕ್ಕ ಸಿಗುವುದು ಬಹಳ ಕಡಿಮೆ.

ಎಣಿಕೆಯನ್ನೆಲ್ಲ ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ಗೆ ಹಾಕಿ. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತದ್ದೇ ಇಂಥ ದಾಖಲೆಗಳ ಮೇಲೆ. ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳು ಅದರ ಹಿಂದಿವೆ. ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿ ನಡೆಯುತ್ತದೆ, ಫೆಬ್ರವರಿಯಲ್ಲಿ ಕಾಲೇಜು ಆವರಣಗಳ ಹಕ್ಕಿ ಎಣಿಕೆ. ಎರಡಕ್ಕೂ ಶುಲ್ಕ ಇಲ್ಲ. ನಿಮ್ಮ ಪ್ರಾಣಿಶಾಸ್ತ್ರದ ಮೇಡಂ ಅಥವಾ ಸರ್ ಹತ್ತಿರ ಮಾತಾಡಿ, ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಆಗಿ ಅವರ ಮಾರ್ಗದರ್ಶನದಲ್ಲಿ ಬರೆಯಲು ಸಾಧ್ಯವಾ ಕೇಳಿ. 18 ಸಾವಿರಕ್ಕಿಂತ ಕಡಿಮೆ ದುಡ್ಡಿಗೆ ಒಂದು ಒಳ್ಳೆಯ 8×42 ಬೈನಾಕ್ಯುಲರ್ ಬರುತ್ತದೆ. ಅದೂ ಈಗಲೇ ಬೇಡ. ಕಾಲೇಜಿನಲ್ಲಿ ಇದ್ದರೆ ಪತ್ರ ಕೊಟ್ಟು ಎರವಲು ತಗೊಳ್ಳಿ.

ಇದು ‘ನಿಜವಾದ’ ಇಂಟರ್ನ್‌ಶಿಪ್ ಅಲ್ಲ ಅನ್ನಿಸಬಹುದು. ಸರ್ಟಿಫಿಕೇಟ್ ಬೇಕೇ ಬೇಕು ಅಂದರೆ ಹತ್ತಿರದಲ್ಲೇ ಇನ್ನೂ ಅವಕಾಶಗಳಿವೆ. ಗದಗದ ಪಕ್ಕದ ಬಿಂಕದಕಟ್ಟಿ ಮೃಗಾಲಯ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೆಳಗೆ ಬರುತ್ತದೆ. ಕಾಲೇಜಿನ ಪತ್ರದೊಂದಿಗೆ ಹೋಗಿ, ಒಂದು ಪ್ರಾಣಿಯ ನಡವಳಿಕೆಯನ್ನು ಒಂದು ತಿಂಗಳು ನಿಗದಿತ ಸಮಯದಲ್ಲಿ ದಾಖಲಿಸುತ್ತೇನೆ ಎಂದು ಕೇಳಿ. ಯಾವ ಹೊತ್ತಿಗೆ ಓಡಾಡುತ್ತದೆ, ಎಷ್ಟು ಹೊತ್ತು ಸುಮ್ಮನೆ ಬಿದ್ದಿರುತ್ತದೆ, ಜನ ಜಾಸ್ತಿ ಬಂದ ದಿನ ಏನು ಮಾಡುತ್ತದೆ, ಇಂಥ ಮಾಹಿತಿ ಮೃಗಾಲಯಕ್ಕೂ ಉಪಯೋಗ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆ ಇರುವ ಗುಡ್ಡ ಅದು. ಅಲ್ಲಿ ಒಬ್ಬರೇ ಹೋಗಿ ಅಧ್ಯಯನ ಶುರು ಮಾಡುವಂತಿಲ್ಲ. ಆದರೆ ಗದಗದ ಅರಣ್ಯ ಇಲಾಖೆ ಕಚೇರಿಯಲ್ಲಿ ವನ್ಯಜೀವಿ ಸಪ್ತಾಹ, ಗಣತಿ, ಬೆಂಕಿ ಜಾಗೃತಿಯ ಹೊತ್ತಿಗೆ ಸ್ವಯಂಸೇವಕರು ಬೇಕಾ ಅಂತ ವಿಚಾರಿಸಬಹುದು. ಇನ್ನೊಂದು ದಾರಿ, 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ. ಊರಿನ ಗಿಡ, ಪ್ರಾಣಿ, ನಾಟಿ ತಳಿಗಳ ದಾಖಲಾತಿ ಪುಸ್ತಕ ಬರೆಯುವುದು ಅದರ ಕೆಲಸ. ಬಹಳ ಕಡೆ ಆ ಪುಸ್ತಕ ಕಪಾಟಿನಲ್ಲೇ ಉಳಿದಿದೆ. ಪಿಡಿಒ ಹತ್ತಿರ ಕೇಳಿ ನೋಡಿ.

ದೂರ ಹೋಗುವ ಅವಕಾಶಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ, ಭತ್ಯೆಯೂ ಸಿಗುತ್ತದೆ. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು. ಬೇಸಿಗೆಯಲ್ಲಿ ನೆನಪಾದರೆ ತಡವಾಗಿರುತ್ತದೆ. ಪೈಪೋಟಿ ಬಹಳ, ಸಿಗದಿದ್ದರೆ ಎದೆಗುಂದಬೇಡಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್, ಬೆಂಗಳೂರಿನ ಏಟ್ರೀ, ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಮುಂತಾದ ಸಂರಕ್ಷಣಾ ಸಂಸ್ಥೆಗಳು ಜನ ಬೇಕಾದಾಗ ಆ ಕೆಲಸವನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಆಗ ಆ ಕೆಲಸಕ್ಕೇ ಅರ್ಜಿ ಹಾಕಿ.

ಅಮ್ಮನ ಭಯದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಹುಲಿ ಚಿರತೆಗಿಂತ ನಾನು ಚಿಂತೆ ಮಾಡುವುದು ಆನೆ, ರಸ್ತೆ, ರಕ್ತ ಹೀರುವ ಉಣ್ಣೆ ಹುಳ ಮತ್ತು ಮನುಷ್ಯರ ಬಗ್ಗೆ. ಆನೆ ಕಾಡಿನಲ್ಲಿ ಸ್ಥಳೀಯ ವಾಚರ್ ಇಲ್ಲದೆ ಕಾಲ್ನಡಿಗೆ ಕೂಡದು. ಜೇನುಕುರುಬ, ಸೋಲಿಗ ಸಮುದಾಯದ ಹಿರಿಯರು ಜೊತೆಗಿದ್ದರೆ ಅವರ ಮಾತೇ ಕೊನೆ, ಅವರು ‘ನಿಲ್ಲು’ ಅಂದರೆ ನಿಲ್ಲಬೇಕು. ಮಲೆನಾಡಿಗೆ ಹೋಗುವುದಾದರೆ ಮಂಗನ ಕಾಯಿಲೆ ಗೊತ್ತಿರಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಉಣ್ಣೆ ಕಚ್ಚುವುದರಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದರೆ ಸರಿಯಾಗಿ ವಿದ್ಯಾರ್ಥಿಗಳು ಫೀಲ್ಡಿಗೆ ಹೋಗುವ ಕಾಲ. ಮೈತುಂಬ ಬಟ್ಟೆ, ಉಣ್ಣೆ ನಿವಾರಕ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ ಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.

ಮನುಷ್ಯರ ವಿಷಯ. ಉಳಿಯುವ ಜಾಗದಲ್ಲಿ ಬೇರೆ ಹೆಂಗಸರು ಇದ್ದಾರಾ, ಶೌಚಾಲಯ ಹೇಗಿದೆ, ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ವಿಮೆ ಇದೆಯಾ, ಇದನ್ನೆಲ್ಲ ಮೊದಲೇ ಕೇಳಿ. ಮುಜುಗರ ಬೇಡ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಇಲ್ಲದೆ ಕೆಲಸ ಮಾಡುವವರಿಗೂ, ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿ ಮಾತಾಡಿ. ಅರ್ಧ ಭಯ ಉತ್ತರ ಕೇಳುತ್ತಲೇ ಕಡಿಮೆಯಾಗುತ್ತದೆ. ಉತ್ತರ ಸರಿಯಿಲ್ಲ ಅಂತ ಅಮ್ಮನಿಗೆ ಅನ್ನಿಸಿದರೆ ನಾನೂ ಅವರ ಪರ.

ಕೆಲಸ ಸಿಗುತ್ತಾ? ಇಂಟರ್ನ್‌ಶಿಪ್ ಮಾಡಿದ ತಕ್ಷಣ ನೌಕರಿ ಎಂಬುದು ಸುಳ್ಳು. ಶುರುವಿನಲ್ಲಿ ಸಿಗುವುದು ಯೋಜನಾ ಸಹಾಯಕರಂಥ ಗುತ್ತಿಗೆ ಕೆಲಸ. ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ, ಸಂಬಳವೂ ದೊಡ್ಡದಲ್ಲ. ಮುಂದೆ ಹೋಗಲು ಎಂಎಸ್ಸಿ ಬೇಕಾಗುತ್ತದೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಈ ವಿಷಯದ ಎಂಎಸ್ಸಿ ಇದೆ, ಸೀಟುಗಳು ಬೆರಳೆಣಿಕೆಯಷ್ಟು, ಪ್ರವೇಶ ಪರೀಕ್ಷೆ ಕಠಿಣ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ನಿರ್ವಹಣೆಯ ಎಂಎಸ್ಸಿ ಓದಬಹುದು. ಇನ್ನು ಅರಣ್ಯ ಪದವಿ ಇಲ್ಲದಿದ್ದರೆ ಐಎಫ್‌ಎಸ್ ಅಧಿಕಾರಿ ಆಗೋಕೆ ಆಗಲ್ಲ ಅನ್ನುವುದೂ ತಪ್ಪು. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದ ಪದವೀಧರರೂ ಅರ್ಹರು. ಮನೆಯ ಪರಿಸ್ಥಿತಿ ನೋಡಿದರೆ, ಜೊತೆಯಲ್ಲೇ ಬಿಎಡ್ ಅಥವಾ ಸರ್ಕಾರಿ ಪರೀಕ್ಷೆಗಳ ದಾರಿಯನ್ನೂ ಮುಚ್ಚಿಕೊಳ್ಳಬೇಡಿ. ಕೆರೆಯ ಹಕ್ಕಿ ಎಣಿಸುವ ಮೇಷ್ಟ್ರುಗಳು ನಮ್ಮ ನಾಡಿನಲ್ಲಿ ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ.

ಕೊನೆಗೆ ಆ ಇಮೇಲ್ ವಿಷಯ. ‘ನನಗೆ ವನ್ಯಜೀವಿಗಳೆಂದರೆ ಬಾಲ್ಯದಿಂದ ಪ್ರೀತಿ, ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ’ ಎಂಬ ಪತ್ರಗಳು ದಿನಾ ಬರುತ್ತವೆ. ಅದರ ಬದಲು ಒಬ್ಬ ವಿಜ್ಞಾನಿಯನ್ನು ಆರಿಸಿ, ಅವರ ಒಂದು ಲೇಖನ ಓದಿ, ಅವರಿಗೇ ಬರೆಯಿರಿ. ಲೇಖನದಲ್ಲಿ ನಿಮಗೆ ಅರ್ಥವಾಗದ ಒಂದು ವಿಷಯ ಕೇಳಿ. ಮಾಗಡಿ ಕೆರೆಯ ಐದು ತಿಂಗಳ ಲೆಕ್ಕವನ್ನು ಒಂದು ಪುಟಕ್ಕೆ ಇಳಿಸಿ ಲಗತ್ತಿಸಿ. ಕನ್ನಡ, ಹಳ್ಳಿಯ ಸಂದರ್ಶನ, ಎಕ್ಸೆಲ್, ಯಾವುದು ಬರುತ್ತದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಿಡುವಿದೆ, ಊಟ ವಸತಿಯ ನೆರವು ಬೇಕಾ, ನೇರವಾಗಿ ಬರೆಯಿರಿ. 10 ದಿನ ಅಂತ ಕೇಳಬೇಡಿ, ಅಂತಿಮ ಪರೀಕ್ಷೆ ಮುಗಿದ ಮೇಲೆ ಮೂರರಿಂದ ಆರು ತಿಂಗಳು ಬರುತ್ತೇನೆ ಎಂದು ಕೇಳಿ. ಅದಕ್ಕಾಗಿ ಪತ್ರ ಹೊರಡಬೇಕಾದದ್ದು ಪರೀಕ್ಷೆಗೆ ಐದಾರು ತಿಂಗಳು ಮೊದಲು. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಅವರು ಫೀಲ್ಡಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇರಬಹುದು. ಆಗಲೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ.